ಗ್ರಾಫ್ ಹಾಕಿದ್ದೇನೆ ನೋಡಿ: ಕರ್ನಾಟಕದಲ್ಲೂ ತೆಲಂಗಾಣದಲ್ಲೂ ಕುರಿ ಸಂಖ್ಯೆ ಏರುತ್ತಿದೆ, ದೇಶದ ಮಾಂಸದ ಉತ್ಪಾದನೆಯೂ ಏರುತ್ತಿದೆ. ನಾನು ಮೈಸೂರಿನಲ್ಲಿ ಸಂಬಳಕ್ಕಿದ್ದೇನೆ, ಊರಲ್ಲಿ ಎರಡು ಎಕರೆ ಇದೆ. ಮಂಡ್ಯದಲ್ಲಿ ನೂರು ಕುರಿಯ ಫಾರ್ಮ್ ಈಗ ಶುರು ಮಾಡಬಹುದಾ? ಕುರಿ ಒಳ್ಳೆಯದಾ, ಮೇಕೆಯಾ?

ನೀವು ಹಾಕಿರುವ ಗ್ರಾಫ್ ನನ್ನ ಮೊಬೈಲಿನಲ್ಲೂ ಇತ್ತು. ಕುರಿ ಗಣತಿಯ ಎರಡು ಕಂಬ, ಎರಡನೆಯದು ಎತ್ತರ. ಪಕ್ಕದಲ್ಲಿ ಮಾಂಸದ ಗೆರೆ, ಅದೂ ಮೇಲಕ್ಕೆ. ನಾನೂ ನಿಮ್ಮ ಹಾಗೆ ಮೈಸೂರಿನಲ್ಲಿ ಸಂಬಳಕ್ಕಿದ್ದೆ. ಮಳವಳ್ಳಿ ತಾಲ್ಲೂಕಿನಲ್ಲಿ, ವಿಸಿ (ವಿಶ್ವೇಶ್ವರಯ್ಯ) ನಾಲೆಯ ಕೊನೇ ಭಾಗದಲ್ಲಿ, ಅಪ್ಪನ ಕಾಲದ ಜಮೀನಿತ್ತು. ಕೊರೊನಾ ಸಮಯದಲ್ಲಿ ಊರಿಗೆ ಹೋದವನು ಅಲ್ಲೇ ಉಳಿದೆ. ಯೂಟ್ಯೂಬಿನಲ್ಲಿ ನೋಡಿದ ಹಾಗೇ ಅಟ್ಟಣಿಗೆ ಶೆಡ್, ಅಂದರೆ ಕುರಿ ನಿಲ್ಲಲು ನೆಲದಿಂದ ಮೇಲೆ ಹಲಗೆ ಹಾಕಿದ್ದು, ಕಟ್ಟಿಸಿದೆ. ಅದಕ್ಕೇ ಸಾಲದ ಮುಕ್ಕಾಲು ಹೋಯಿತು. ಕುರಿಗೆ ಅಟ್ಟಣಿಗೆ ಬೇಕು ಅಂತ ಕುರಿ ಯಾವತ್ತೂ ಕೇಳಿರಲಿಲ್ಲ ಬಿಡಿ.

ಕಿರುಗಾವಲು, ಬನ್ನೂರು ಕಡೆ ಓಡಾಡಿ ನಲವತ್ತರ ಹತ್ತಿರ ತಾಯಿ ಕುರಿ, ಎರಡು ಟಗರು ತಂದೆ. ಎಲ್ಲವನ್ನೂ ಬಂಡೂರು ತಳಿ ಅಂತಲೇ ಕೊಟ್ಟರು. ನಿಜವಾದ ಬಂಡೂರು ಕುರಿ ಕುಳ್ಳಗೆ, ಅಗಲ ಬೆನ್ನಿನದ್ದು. ಹಿಂದಿನಿಂದ ನೋಡಿದರೆ ತಲೆಕೆಳಗಾದ ಯು ಆಕಾರ ಕಾಣಬೇಕು. ನಾನು ತಂದದ್ದರಲ್ಲಿ ಹಾಗೆ ಕಾಣುತ್ತಿದ್ದದ್ದು ಕೆಲವು ಮಾತ್ರ. ಮುಖ ಕಂದು ಇದ್ದರೆ ಸಾಕು, ಸಂತೆಯಲ್ಲಿ ಅದು ಬಂಡೂರೇ.

ಮೊದಲ ಎರಡು ವರ್ಷ ಕಷ್ಟ ಆಗಲಿಲ್ಲ. ಮಳೆ ಚೆನ್ನಾಗಿತ್ತು, ನಾಲೆಯಲ್ಲಿ ನೀರಿತ್ತು. ಬದುವಿನಲ್ಲಿ ಅಗಸೆ ಮರ, ಅರ್ಧ ಎಕರೆ ನೇಪಿಯರ್ ಹುಲ್ಲು, ಅಕ್ಕಪಕ್ಕದ ಗದ್ದೆಯವರು ಕಬ್ಬು ಕಡಿದರೆ ಹಸಿ ಸೋಗೆ ಪುಕ್ಕಟೆ. ಮರಿಗಳು ಹುಟ್ಟಿದವು. ಗಂಡು ಮರಿ ಬೆಳೆಸಿ ಬಕ್ರೀದ್‌ಗೂ ಯುಗಾದಿ ಮಾರನೇ ದಿನದ ಹೊಸತೊಡಕಿಗೂ ಮಾರಿದೆ. ಹೆಣ್ಣು ಮರಿ ಉಳಿಸಿಕೊಂಡೆ. ತಲೆ ಎಣಿಕೆ ತೊಂಬತ್ತು ದಾಟಿತು. ನೆಂಟರು ಬಂದರೆ ಶೆಡ್ಡಿಗೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ.

ಆಮೇಲೆ 2023 ಬಂತು. ಮಂಡ್ಯದವರಾದರೆ ನಿಮಗೆ ಹೇಳಬೇಕಾಗಿಲ್ಲ. ಕನ್ನಂಬಾಡಿ (ಕೆಆರ್‌ಎಸ್) ಅಣೆಕಟ್ಟು ತುಂಬಲಿಲ್ಲ. ಕಾವೇರಿ ಗಲಾಟೆ, ಬಂದ್. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ನಾಲೆಯ ಕೊನೇ ಭಾಗಕ್ಕೆ ನೀರು ಬರುವುದು ಒಳ್ಳೇ ವರ್ಷದಲ್ಲೇ ಕಷ್ಟ. ನೇಪಿಯರ್ ಒಣಗಿತು, ಭತ್ತ ಇಲ್ಲದ ಮೇಲೆ ಹುಲ್ಲೂ ಇಲ್ಲ. ಹುಲ್ಲು ಇದ್ದವರು ಹೇಳಿದ್ದೇ ರೇಟು.

ಪಿತೃಪಕ್ಷದ ಹೊತ್ತಿಗೆ ಮಾರಲು ಶುರು ಮಾಡಿದೆ. ಮಾರಿದ್ದು ತಪ್ಪಲ್ಲ. ಮೇವಿಲ್ಲದಾಗ ಮಾರಲೇಬೇಕು. ತಪ್ಪು ಆದದ್ದು ಯಾವುದನ್ನು ಮಾರಿದೆ ಅನ್ನುವುದರಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಯಾವ ಯೂಟ್ಯೂಬ್ ವಿಡಿಯೋದಲ್ಲೂ ಇದು ಬರುವುದಿಲ್ಲ.

ಕುರಿಯ ವಯಸ್ಸು ಹೇಳುವುದು ಹಲ್ಲು ನೋಡಿ. ಆಗ ನನ್ನ ಹತ್ತಿರ ಮೂರು ಥರದ ಕುರಿಗಳಿದ್ದವು. ಒಂದು, ಮೊದಲು ಸಂತೆಯಿಂದ ತಂದಿದ್ದ ಹಳೇ ತಾಯಿ ಕುರಿಗಳು. ಹಲ್ಲು ಪೂರ್ತಿ ಬಂದು, ಕೆಲವಕ್ಕೆ ಸವೆದು, ಒಂದೆರಡಕ್ಕೆ ಉದುರಿಯೂ ಇತ್ತು. ಎರಡು, ನನ್ನಲ್ಲೇ ಹುಟ್ಟಿ ಎರಡು ಹಲ್ಲು ಹಾಕಿದ್ದ ಹೆಣ್ಣು ಕುರಿಗಳು. ಮೂರು, ಇನ್ನೂ ಹಾಲುಹಲ್ಲಿನ ಮರಿಗಳು, ಹೆಣ್ಣು ಗಂಡು ಎರಡೂ. ಅಂಗಡಿಯವರಿಗೆ ಬೇಕಾದದ್ದು ಎಳೇ ಮಾಂಸ. ಹಳೇ ಕುರಿಗೆ ಅವರು ಹೇಳುವ ರೇಟು ಕೇಳಿದರೆ ಅವಮಾನ ಆಗುತ್ತಿತ್ತು. ನಾನು ಏನು ಮಾಡಿದೆ? ಒಳ್ಳೇ ರೇಟು ಬರುವುದನ್ನು ಮೊದಲು ಕಳಿಸಿದೆ. ಎಳೇ ಹೆಣ್ಣು ಮರಿ ಹೋಯಿತು, ಎರಡು ಹಲ್ಲಿನದ್ದು ಹೋಯಿತು. ಹಳೇದಕ್ಕೆ ರೇಟು ಬರುವವರೆಗೆ ಕಾಯೋಣ ಅಂತ ಉಳಿಸಿಕೊಂಡೆ. ಗಂಡು ಮರಿಗಳನ್ನೂ ಬಕ್ರೀದ್ ಆಸೆಗೆ ಉಳಿಸಿಕೊಂಡೆ. ದುಡ್ಡು ಕೊಟ್ಟು ತಂದ ಹುಲ್ಲನ್ನು ಮುದಿ ಕುರಿಗೂ ಟಗರು ಮರಿಗೂ ಹಾಕಿದೆ, ಮುಂದಿನ ಐದು ವರ್ಷ ಮರಿ ಹಾಕಬೇಕಾದವನ್ನು ತಕ್ಕಡಿಗೆ ಹಾಕಿದೆ.

ಮಟನ್ ಅಂಗಡಿಯವರೇ ಒಂದು ಸಲ ಕೇಳಿದರು, "ಇದ್ಯಾಕಣ್ಣ ಮಾರ್ತಿದ್ದೀಯ? ಮುಂದ್ಕೆ ತಾಯಾಗೋ ಮರಿ ಕಣಣ್ಣ." ಕೇಳಿದವರೇ ದುಡ್ಡು ಎಣಿಸಿ ಕೊಟ್ಟು ಆಟೋಗೆ ಏರಿಸಿಕೊಂಡರು. ಅವರ ವ್ಯಾಪಾರ ಅದು. ಎರಡು ಹಲ್ಲಿನವುಗಳಲ್ಲಿ ಕೆಲವು ಗಬ್ಬವಾಗಿದ್ದವು ಅಂತ ಆಮೇಲೆ ಗೊತ್ತಾಯಿತು. ಟಗರನ್ನು ಬೇರೆ ಕಟ್ಟದೆ ಹಿಂಡಿನಲ್ಲೇ ಬಿಟ್ಟಿದ್ದೆ, ಯಾವಾಗ ಕೂಡಿತ್ತು ಅಂತ ಬರೆದಿಟ್ಟಿರಲಿಲ್ಲ. ಮೊದಲ ತಿಂಗಳುಗಳಲ್ಲಿ ಹೊಟ್ಟೆ ನೋಡಿ ಗಬ್ಬ ಹೇಳುವಷ್ಟು ಅನುಭವ ನನಗಿರಲಿಲ್ಲ.

2024ರ ಹೊಸತೊಡಕಿನವರೆಗೆ ಹೀಗೇ ನಡೆಯಿತು. ಯುಗಾದಿ ಮಾರನೇ ದಿನ ನಮ್ಮ ಕಡೆ ಮಾಂಸಕ್ಕೆ ಹೇಗೆ ಸಾಲು ನಿಲ್ಲುತ್ತಾರೆ ಅಂತ ನಿಮಗೆ ಗೊತ್ತು. ಸಾಹಿತ್ಯ ಸಮ್ಮೇಳನ ನಡೆದರೂ ಬಾಡೂಟ ಬೇಕು ಅಂತ ಕೇಳಿದ ಊರು ನಮ್ಮದು. ಆ ವರ್ಷ ಬ್ಯಾಂಕ್ ಪಾಸ್‌ಬುಕ್ಕು ನೋಡಿದರೆ ಖುಷಿಯಾಗುತ್ತಿತ್ತು. ಶೆಡ್ ಕಟ್ಟಿದಾಗಿನಿಂದ ಅಷ್ಟು ಆದಾಯ ಬಂದಿರಲಿಲ್ಲ. ನನ್ನ ಫಾರ್ಮಿನ ಮಾಂಸ ಉತ್ಪಾದನೆಗೆ ಗ್ರಾಫ್ ಹಾಕಿದ್ದರೆ ಬರಗಾಲದ ವರ್ಷವೇ ಅತಿ ಎತ್ತರದ ಕಂಬ.

ಮಳೆಗಾಲದಲ್ಲಿ ಕನ್ನಂಬಾಡಿ ತುಂಬಿತು. ಎಲ್ಲೆಲ್ಲೂ ಹುಲ್ಲು. ತಿನ್ನುವವರಿಲ್ಲ. ಉಳಿದ ಹಳೇ ಕುರಿಗಳಲ್ಲಿ ಅರ್ಧ ಗಬ್ಬ ನಿಲ್ಲಲಿಲ್ಲ, ಮರಿ ಹಾಕಿದ್ದಕ್ಕೂ ಹಾಲು ಸಾಲದು. ಹೊಸ ಹೆಣ್ಣು ಕುರಿ ತರೋಣ ಅಂತ ಸಂತೆಗೆ ಹೋದರೆ ನನ್ನಂಥವರೇ ತುಂಬಿದ್ದರು. ಬರದಲ್ಲಿ ಎಲ್ಲರೂ ಮಾರಿದ್ದರು, ಮಳೆ ಬಂದ ಮೇಲೆ ಎಲ್ಲರಿಗೂ ಬೇಕು. ನಾನು ಮಾರಿದ್ದಕ್ಕಿಂತ ತುಂಬಾ ಜಾಸ್ತಿ ಕೇಳಿದರು.

ಲೆಕ್ಕ ಹಾಕಿ ನೋಡಿ. ಆರು ತಿಂಗಳ ಹೆಣ್ಣು ಮರಿ ಮಾರಿದರೆ ಸಿಗುವುದು ಹೆಚ್ಚೆಂದರೆ ಏಳೆಂಟು ಕೆಜಿ ಮಾಂಸದ ದುಡ್ಡು. ಅದನ್ನೇ ಉಳಿಸಿಕೊಂಡರೆ ಇನ್ನೂ ಆರೇಳು ತಿಂಗಳಿಗೆ ಟಗರಿಗೆ ಬಿಡಬಹುದು. ಗಬ್ಬ ಐದು ತಿಂಗಳು. ಹುಟ್ಟಿದ ಮರಿ ಮಾರುವಂತಾಗಲು ಮತ್ತೆ ಆರೆಂಟು ತಿಂಗಳು. ಅಂದರೆ ಇವತ್ತು ಉಳಿಸಿದ ಹೆಣ್ಣು ಮರಿಯಿಂದ ಮೊದಲ ದುಡ್ಡು ಬರಲು ಹತ್ತಿರ ಹತ್ತಿರ ಎರಡು ವರ್ಷ. ನಮ್ಮ ಬಂಡೂರು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ, ಅದರಲ್ಲಿ ಅರ್ಧ ಗಂಡು. ಗಂಡು ಮರಿ ಬಡ್ಡಿ, ಹೆಣ್ಣು ಅಸಲು. ನಾನು ಅಸಲು ತಿಂದು ಆದಾಯ ಅಂತ ಬರೆದುಕೊಂಡಿದ್ದೆ.

ನಿಮ್ಮ ಗ್ರಾಫಿಗೆ ಬರುತ್ತೇನೆ. ನನ್ನ ಶೆಡ್ಡಿನಲ್ಲಿ ಆದದ್ದೇ ದೊಡ್ಡ ದೇಶಗಳಲ್ಲೂ ಆಗುತ್ತದೆ. ಅಮೆರಿಕದಲ್ಲಿ 2022ರಲ್ಲಿ ದನದ ಮಾಂಸದ ಉತ್ಪಾದನೆ ದಾಖಲೆ ಮುಟ್ಟಿತು. ಅದೇ ಹೊತ್ತಿನಲ್ಲಿ ದನಗಳ ಸಂಖ್ಯೆ ಇಳಿಯುತ್ತಿತ್ತು. ಅಲ್ಲೂ ಬರ, ಅಲ್ಲೂ ಮೇವು ದುಬಾರಿ, ರೈತರು ಹಸು, ಕಡಸುಗಳನ್ನೂ ಕಸಾಯಿಖಾನೆಗೆ ಕಳಿಸಿದರು. 2024ರ ಜನವರಿ 1ಕ್ಕೆ ಎಣಿಸಿದಾಗ ಉಳಿದದ್ದು 8.72 ಕೋಟಿ, 1951ರಿಂದ ಈಚೆಗೆ ಅಷ್ಟು ಕಡಿಮೆ ಆಗಿರಲೇ ಇಲ್ಲ. ಮತ್ತೆ ಹಿಂಡು ಕಟ್ಟಬೇಕು ಅಂದರೆ ಹೆಣ್ಣು ಕರುಗಳನ್ನು ಉಳಿಸಬೇಕು. ಉಳಿಸಿದರೆ ಮೊದಲು ಮಾಂಸ ಇನ್ನೂ ಕಡಿಮೆಯಾಗುತ್ತದೆ. ಹಾಗಾಗಿ ಮಾಂಸದ ಗೆರೆ ಏರಿದ್ದು ನೋಡಿ ಧಂದೆ ಚೆನ್ನಾಗಿದೆ ಅನ್ನುವುದು, ಸಂಖ್ಯೆ ಏರಿದ್ದು ನೋಡಿ ಮಾಂಸ ಜಾಸ್ತಿ ಆಯಿತು ಅನ್ನುವುದು, ಎರಡೂ ಸುಮ್ನೆ.

ನೀವು ಕೊಟ್ಟಿರುವ ಕರ್ನಾಟಕದ ಅಂಕಿ ಸರಿಯಾಗೇ ಇದೆ. 2012ರಲ್ಲಿ 95.8 ಲಕ್ಷ ಇದ್ದ ಕುರಿ 2019ರ ಗಣತಿಯಲ್ಲಿ 1.1 ಕೋಟಿ ದಾಟಿತು. ಆದರೆ ಅದು 2019. ನಡುವೆ ಕೊರೊನಾ ಬಂತು, 2023ರ ಬರ ಬಂತು. ಮುಂದಿನ ಗಣತಿಗೆ ಎಣಿಕೆ ಶುರುವಾದದ್ದೇ 2024ರ ಅಕ್ಟೋಬರಿನಲ್ಲಿ. ಜೊತೆಗೆ ಆ ಏರಿಕೆಯಲ್ಲಿ ಯಾರ ಕುರಿ ಎಷ್ಟು ಅಂತ ಗ್ರಾಫ್ ಹೇಳುವುದಿಲ್ಲ. ನಮ್ಮ ರಾಜ್ಯದ ಕುರಿಯಲ್ಲಿ ದೊಡ್ಡ ಪಾಲು ಉತ್ತರದ ಮತ್ತು ಮಧ್ಯದ ಒಣ ಜಿಲ್ಲೆಗಳದ್ದು, ಹಿಂಡು ಹೊಡೆದುಕೊಂಡು ನಡೆಯುವವರದ್ದು. ಅವರು ಮೇವಿಗೆ ದುಡ್ಡು ಕೊಡುವುದಿಲ್ಲ, ಕಾಲು ಸವೆಸುತ್ತಾರೆ. ಹಿಂಡು ನಿಲ್ಲಿಸಿದ ಹೊಲದವರೇ ಗೊಬ್ಬರಕ್ಕಾಗಿ ಅವರಿಗೆ ಏನಾದರೂ ಕೊಡುತ್ತಾರೆ. ಅವರ ಖರ್ಚಿನ ಜೊತೆ ನಿಮ್ಮ ಶೆಡ್ಡಿನ ಖರ್ಚು ಪೈಪೋಟಿ ಮಾಡಬೇಕು. ಸಂತೆಯಲ್ಲಿ ಎರಡೂ ಮರಿಗೂ ಒಂದೇ ರೇಟು.

ತೆಲಂಗಾಣದ ಕುರಿ ಅದೇ ಏಳು ವರ್ಷದಲ್ಲಿ ಶೇ. 48ರಷ್ಟು ಏರಿತು ಅಂತಲೂ ಬರೆದಿದ್ದೀರಿ. 2017ರಿಂದ ಅಲ್ಲಿನ ಸರ್ಕಾರ ಶೇ. 75 ಸಬ್ಸಿಡಿಯಲ್ಲಿ 20 ಹೆಣ್ಣು, 1 ಟಗರು ಅಂತ ಹಂಚಿತು. ಕುರಿಗಳನ್ನು ಪಕ್ಕದ ರಾಜ್ಯಗಳಿಂದ ಕೊಂಡು ಕೊಟ್ಟರು, ನಮ್ಮ ರಾಜ್ಯದಿಂದಲೂ ಹೋದವು. ಲಾರಿ ಏರಿ ಗಡಿ ದಾಟಿದ ಕುರಿಯೂ ಆ ಏರಿಕೆಯಲ್ಲಿದೆ.

ಇನ್ನು ದೇಶದ ಮಾಂಸದ ಗೆರೆ. 2018-19ರಲ್ಲಿ 81 ಲಕ್ಷ ಟನ್, 2023-24ರಲ್ಲಿ 102.5 ಲಕ್ಷ ಟನ್. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಕೋಳಿ. ಕುರಿ ಶೇ. 11ರ ಆಸುಪಾಸು. ಬ್ರಾಯ್ಲರ್ ಕೋಳಿ ಆರು ವಾರಕ್ಕೆ ತಯಾರು. ನೀವು ಕುರಿ ಸಾಕಲು ಕೋಳಿಯ ಗೆರೆ ನೋಡುತ್ತಿದ್ದೀರಿ.

ಕುರಿಯೋ ಮೇಕೆಯೋ ಅನ್ನುವುದು ಅಷ್ಟು ದೊಡ್ಡ ಪ್ರಶ್ನೆ ಅಲ್ಲ. ಮೇಕೆ ಎರಡೆರಡು ಮರಿ ಹಾಕುತ್ತದೆ, ನಿಜ. ಅಕ್ಕಪಕ್ಕದವರ ತೆಂಗಿನ ಸಸಿಗೆ ಬಾಯಿ ಹಾಕಿದರೆ ಜಗಳವೂ ಎರಡರಷ್ಟು. ನಮ್ಮ ಕಡೆ ಹಬ್ಬಕ್ಕೆ ಕೇಳುವುದು ಕುರಿ. ಕುರಿಯೇ ಮಾಡಿ.

ನೂರು ಬೇಡ. ಒಂದು ಕುರಿಗೆ ದಿನಕ್ಕೆ ಮೂರು ಕೆಜಿ ಹಸಿ ಮೇವು ಅಂತ ಇಟ್ಟುಕೊಂಡರೂ ನೂರಕ್ಕೆ ದಿನಕ್ಕೆ ಮೂರು ಕ್ವಿಂಟಲ್, ವರ್ಷಕ್ಕೆ 100 ಟನ್ ಮೀರುತ್ತದೆ. ಒಣ ಹುಲ್ಲು ಬೇರೆ. ನಿಮ್ಮ ಎರಡು ಎಕರೆ ಒಳ್ಳೇ ವರ್ಷದಲ್ಲಿ ಅದನ್ನು ಕೊಡಬಹುದು. ನಾಲೆ ನಿಂತ ವರ್ಷದಲ್ಲಿ ಎಷ್ಟು ಕೊಡುತ್ತದೆ ಅಂತ ನೋಡಿ, ಅಷ್ಟೇ ಕುರಿ ತನ್ನಿ. ನನಗೆ ಆ ಲೆಕ್ಕಕ್ಕೆ ಇಪ್ಪತ್ತರ ಸುತ್ತ ಬಂತು, ಈಗ ಅಷ್ಟೇ ಇವೆ. ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ 100 ಹೆಣ್ಣು, 5 ಟಗರಿನ ಘಟಕಕ್ಕೆ ಅರ್ಧ ಸಬ್ಸಿಡಿ ಇದೆ ಅಂತ ನೀವು ಆ ಸಂಖ್ಯೆಗೆ ಜೋತುಬಿದ್ದಿದ್ದೀರಿ ಅಂತ ನನಗೆ ಅನುಮಾನ. ಸಬ್ಸಿಡಿ ನೋಡಿ ಹಿಂಡಿನ ಗಾತ್ರ ತೀರ್ಮಾನಿಸಬೇಡಿ. ಮಿಕ್ಕ ಅರ್ಧ ನಿಮ್ಮದೇ ಸಾಲ, ಮೇವು ಪೂರ್ತಿ ನಿಮ್ಮದೇ.

ಬರ ಬರುವುದು ಖಂಡಿತ, ಆದ್ದರಿಂದ ಮಾರುವ ಸಾಲು ಈಗಲೇ ಬರೆದಿಡಿ. ಮೊದಲು ಗಂಡು ಮರಿ, ತೂಕ ಕಡಿಮೆ ಇದ್ದರೂ ಸರಿ. ಆಮೇಲೆ ಹಲ್ಲು ಸವೆದದ್ದು, ಒಂದು ಸೀಸನ್ ಪೂರ್ತಿ ಗಬ್ಬ ನಿಲ್ಲದ್ದು. ಎರಡು ಹಲ್ಲು, ನಾಲ್ಕು ಹಲ್ಲಿನ ಹೆಣ್ಣು ಕೊನೆಗೆ. ಆಗಸ್ಟ್ ಹೊತ್ತಿಗೆ ಕನ್ನಂಬಾಡಿ ಮಟ್ಟ ನೋಡಿ ಶುರು ಮಾಡಿ, ಊರೆಲ್ಲ ಮಾರುವವರೆಗೆ ಕಾಯಬೇಡಿ. ಟಗರನ್ನು ಬೇರೆ ಕಟ್ಟಿ, ಬಿಟ್ಟ ತಾರೀಖು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಎರಡು ವರ್ಷಕ್ಕೊಮ್ಮೆ ಟಗರು ಬದಲಾಯಿಸಿ, ಇಲ್ಲದಿದ್ದರೆ ಅಪ್ಪನೇ ಮಗಳಿಗೆ ಕೂಡುತ್ತಾನೆ. ಪಿಪಿಆರ್ (ಕುರಿ, ಮೇಕೆಗೆ ಬರುವ ಪ್ಲೇಗಿನಂಥ ಅಂಟುರೋಗ) ಲಸಿಕೆ ತಪ್ಪಿಸಬೇಡಿ. ಮಳೆಗೆ ಮುಂಚೆ ಜಂತಿನ ಔಷಧಿ, ಕರುಳು ಬೇನೆ ಲಸಿಕೆ ಹಾಕಿಸಿ. ಇಲ್ಲದಿದ್ದರೆ ಹೊಸ ಚಿಗುರು ಹೊಟ್ಟೆ ತುಂಬ ತಿಂದ ದಷ್ಟಪುಷ್ಟ ಮರಿಯೇ ಬೆಳಗ್ಗೆ ಸತ್ತು ಬಿದ್ದಿರುತ್ತದೆ.

ಕೊಳ್ಳುವುದಾದರೆ ಶ್ರಾವಣದಲ್ಲಿ ಹೋಗಿ. ಮನೆಮನೆಯಲ್ಲೂ ಮಾಂಸ ಬಿಟ್ಟಿರುತ್ತಾರೆ, ಅಂಗಡಿಯವರ ಪೈಪೋಟಿ ಕಡಿಮೆ. ಹೊಸತೊಡಕಿನ ಹಿಂದಿನ ವಾರ ಸಂತೆ ಕಡೆ ತಲೆ ಹಾಕಬೇಡಿ. ಧನಗೂರಿನಲ್ಲಿ ಸರ್ಕಾರಿ ಕುರಿ ಕೇಂದ್ರ ಇದೆ, ಮೊದಲು ಅಲ್ಲಿ ಹೋಗಿ ನಿಜವಾದ ಬಂಡೂರು ಹೇಗಿರುತ್ತದೆ ಅಂತ ಕಣ್ಣಿಗೆ ಅಭ್ಯಾಸ ಮಾಡಿಕೊಳ್ಳಿ. ಸಂತೆಯಲ್ಲಿ ದಲ್ಲಾಳಿ ಎರಡು ಹಲ್ಲು ಅಂದರೆ ತಲೆ ಆಡಿಸಬೇಡಿ, ಬಾಯಿ ತೆಗೆಸಿ ನೀವೇ ಎಣಿಸಿ. ಟವೆಲ್ ಒಳಗೆ ಬೆರಳು ಹಿಡಿದು ರೇಟು ಮಾಡುವುದು ಆಮೇಲೆ.