ಕಡಿಮೆ ಬಜೆಟ್ಟಿನಲ್ಲಿ ಮೊದಲ ಗೇಮಿಂಗ್ ಕಂಪ್ಯೂಟರ್: ಯಾವ ಭಾಗಕ್ಕೆ ದುಡ್ಡು ಹಾಕಬೇಕು, ಯಾವುದರಲ್ಲಿ ಉಳಿಸಬಹುದು?

ಒಂದು ವರ್ಷ ಕೂಡಿಟ್ಟ ದುಡ್ಡಿನಲ್ಲಿ ಮೊದಲ ಗೇಮಿಂಗ್ ಕಂಪ್ಯೂಟರ್ ಜೋಡಿಸಬೇಕು, ಪಟ್ಟಿ ಸರಿಯಿದೆಯಾ ನೋಡಿ ಅಂತ ಕೇಳಿದ್ದೀರಿ. 8 ಕೋರ್ ಪ್ರೊಸೆಸರ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, 16 ಜಿಬಿಯ ಒಂದೇ ರ್‍ಯಾಮ್, ಬಣ್ಣದ ದೀಪಗಳ ಕ್ಯಾಬಿನೆಟ್, ಅದರ ಜೊತೆಗೇ ಬರುವ ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ವಿದ್ಯುತ್ ಕೊಡುವ ಪೆಟ್ಟಿಗೆ). ದಯವಿಟ್ಟು ಈ ಪಟ್ಟಿಯಂತೆ ತಗೋಬೇಡಿ. ಒಟ್ಟು ಖರ್ಚು ಏರಿಸದೆಯೇ ಇದಕ್ಕಿಂತ ಎಷ್ಟೋ ಒಳ್ಳೆಯ ಕಂಪ್ಯೂಟರ್ ಆಗುತ್ತದೆ. ದುಡ್ಡು ಹಂಚಿರುವುದು ಮಾತ್ರ ಹಿಂದುಮುಂದಾಗಿದೆ.

ಪ್ರತಿ ಭಾಗ ಆರಿಸುವಾಗಲೂ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಎರಡು ವರ್ಷ ಬಿಟ್ಟು ಕೈಗೆ ಸ್ವಲ್ಪ ಕಾಸು ಬಂದಾಗ ಇದರ ಪಕ್ಕಕ್ಕೆ ಇನ್ನೊಂದನ್ನು ಸೇರಿಸಬಹುದಾ, ಇಲ್ಲ ಇದನ್ನೇ ಕಿತ್ತು ಎಸೆಯಬೇಕಾ? ಸೇರಿಸಬಹುದಾದದ್ದರಲ್ಲಿ ಈಗ ಧೈರ್ಯವಾಗಿ ಉಳಿಸಿ. ಎಸೆಯಬೇಕಾಗುವಂಥದ್ದನ್ನು ಅಗ್ಗಕ್ಕೆ ತಂದರೆ ಎರಡು ಸಲ ದುಡ್ಡು ಕೊಟ್ಟಂತೆ.

ಮೊದಲು ಮಾನಿಟರ್ ಯಾವುದು ಅಂತ ತೀರ್ಮಾನ ಮಾಡಿ. ನಿಮ್ಮ ಮೊತ್ತಕ್ಕೆ 1080ಪಿ (1920×1080 ಪಿಕ್ಸೆಲ್‌ಗಳ ಪರದೆ) ಸರಿಯಾದ ಗುರಿ. 1440ಪಿ ಪರದೆಯಲ್ಲಿ ಅದರ ಸುಮಾರು 1.8 ಪಟ್ಟು ಪಿಕ್ಸೆಲ್‌ಗಳಿವೆ. ಪ್ರತಿ ಫ್ರೇಮಿಗೂ ಅಷ್ಟನ್ನೂ ಬಿಡಿಸುವ ಕೆಲಸ ಗ್ರಾಫಿಕ್ಸ್ ಕಾರ್ಡಿನ ತಲೆ ಮೇಲೆ ಬೀಳುತ್ತದೆ.

ಆ ಕಾರ್ಡಿಗೇ ಒಟ್ಟು ದುಡ್ಡಿನ ಐದನೇ ಎರಡು ಭಾಗ ಎತ್ತಿಡಿ. 4 ಜಿಬಿ ಬೇಡ, 8 ಜಿಬಿ ಇರಲಿ. ಆಟದ ಗೋಡೆ, ಮಣ್ಣು, ಬಟ್ಟೆಗಳ ಚಿತ್ರಗಳೆಲ್ಲ ಕಾರ್ಡಿನ ಮೆಮೊರಿಯಲ್ಲಿ ಕೂತಿರುತ್ತವೆ. ಅಲ್ಲಿ ಜಾಗ ತುಂಬಿದರೆ ಅವನ್ನು ಮದರ್‌ಬೋರ್ಡಿನ ರ್‍ಯಾಮ್‌ನಿಂದ ಎಳೆದು ತರಬೇಕು, ಆ ದಾರಿ ತುಂಬಾ ನಿಧಾನ. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಫ್ರೇಮ್‌ಗಳ ಸಂಖ್ಯೆ) ಚೆನ್ನಾಗಿಯೇ ಕಂಡರೂ ತಿರುವಿನಲ್ಲಿ ತಿರುಗಿದ ಕೂಡಲೇ ಆಟ ತಡವರಿಸುವುದಕ್ಕೆ ಎಷ್ಟೋ ಸಲ ಇದೇ ಕಾರಣ. 4 ಜಿಬಿಯ ಆರ್‌ಎಕ್ಸ್ 6500 ಎಕ್ಸ್‌ಟಿಯಂಥ ಕಾರ್ಡಿಗೆ ಪಿಸಿಐಇ ಲೇನ್‌ಗಳೂ (ಕಾರ್ಡಿಗೂ ಮದರ್‌ಬೋರ್ಡಿಗೂ ನಡುವೆ ಡೇಟಾ ಓಡಾಡುವ ದಾರಿಗಳು) ನಾಲ್ಕೇ. ಹಳೆಯ ಪಿಸಿಐಇ 3.0 ಬೋರ್ಡಿನಲ್ಲಿ ಅದು ಇನ್ನೂ ಸೊರಗುತ್ತದೆ. 2021ರಲ್ಲಿ ಬಂದ ಆರ್‌ಎಕ್ಸ್ 6600 ನೋಡಿ: 8 ಜಿಬಿ, ಬೇಕಾಗುವುದು 132 ವ್ಯಾಟ್, ಒಂದೇ 8 ಪಿನ್ ಕನೆಕ್ಟರ್. ಸೆಕೆಂಡ್ ಹ್ಯಾಂಡ್ ಸಿಕ್ಕರೂ ತಪ್ಪೇನಿಲ್ಲ, ಆದರೆ ಎದುರಿಗೇ ಅರ್ಧ ಗಂಟೆ ಭಾರದ ಆಟ ಓಡಿಸಿ ನೋಡಿ. ಪರದೆಯ ಮೇಲೆ ಬಣ್ಣದ ಚುಕ್ಕಿ, ಚೌಕಗಳು ಮಿನುಗಿದರೆ ಅಥವಾ ಫ್ಯಾನ್ ಕರಕರ ಅಂದರೆ ಬಿಟ್ಟು ಬನ್ನಿ.

ಪ್ರೊಸೆಸರ್‌ನಲ್ಲಿ 8 ಕೋರ್ ಬಿಟ್ಟುಬಿಡಿ. 6 ಕೋರ್, 12 ಥ್ರೆಡ್‌ಗಳ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆಗಳು) ರೈಜೆನ್ 5 5600 ಅಥವಾ ಐ5-12400ಎಫ್ ಈ ಕಾರ್ಡಿಗೆ ಸರಿಯಾದ ಜೋಡಿ. ಕೈ ಇನ್ನೂ ಬಿಗಿಯಾದರೆ 4 ಕೋರಿನ ಐ3-12100ಎಫ್ ಕೂಡ ನಡೆಯುತ್ತದೆ, ಮುಂದೆ ಅದೇ ಬೋರ್ಡಿನಲ್ಲಿ ದೊಡ್ಡದನ್ನು ಕೂರಿಸಬಹುದು. ಹೆಸರಿನ ಕೊನೆಯ 'ಎಫ್' ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ಕಾರ್ಡ್ ಇಲ್ಲದೆ ಪರದೆಯಲ್ಲಿ ಏನೂ ಮೂಡುವುದಿಲ್ಲ. ಅಂದಹಾಗೆ 5600ಕ್ಕೆ ಕೂಲರ್ ಡಬ್ಬದಲ್ಲೇ ಬರುತ್ತದೆ, ಬೇರೆ ಕೊಳ್ಳುವುದು ಬೇಡ.

ರ್‍ಯಾಮ್ ವಿಷಯಕ್ಕೆ ಬಂದಾಗ ಮಾತ್ರ ನನ್ನ ನಿಯಮವನ್ನು ನಾನೇ ಮುರಿಯುತ್ತೇನೆ. 16 ಜಿಬಿಯ ಒಂದು ತಂದರೆ ಮುಂದೆ ಇನ್ನೊಂದು ಸೇರಿಸಬಹುದು ಅನ್ನುವ ನಿಮ್ಮ ಲೆಕ್ಕ ತಪ್ಪಲ್ಲ. ಆದರೆ ಅಲ್ಲಿಯವರೆಗೆ ಸಿಂಗಲ್ ಚಾನೆಲ್‌ನಲ್ಲಿ, ಅಂದರೆ ಪ್ರೊಸೆಸರಿಗೂ ಮೆಮೊರಿಗೂ ನಡುವಿನ ಅರ್ಧ ದಾರಿ ಮುಚ್ಚಿಕೊಂಡು ಆಡಬೇಕು. 8 ಜಿಬಿಯ ಎರಡು ತಗೊಳ್ಳಿ. ನಾಲ್ಕು ಸ್ಲಾಟ್ ಇರುವ ಬೋರ್ಡ್ ಸಿಕ್ಕರೆ ಮುಂದಿನ ದಾರಿಯೂ ತೆರೆದೇ ಇರುತ್ತದೆ. ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಬೇಕು.

ಈಗ ಎಸ್‌ಎಂಪಿಎಸ್. ಇದನ್ನು ದಯವಿಟ್ಟು ನಿಧಾನವಾಗಿ ಓದಿ. ನನ್ನ ಮೊದಲ ಕಂಪ್ಯೂಟರಿಗೂ ಕ್ಯಾಬಿನೆಟ್ ಜೊತೆ ಬಂದದ್ದನ್ನೇ ಹಾಕಿದ್ದೆ. ವಿಡಿಯೊ ನೋಡಿದರೆ ಏನೂ ತೊಂದರೆಯಿಲ್ಲ, ಬ್ರೌಸರ್ ತೆರೆದರೆ ಏನೂ ಇಲ್ಲ. ಆಟದಲ್ಲಿ ಹೊಗೆ, ಬೆಂಕಿ ಇರುವ ದೃಶ್ಯ ಬಂದ ಕ್ಷಣ ಪರದೆ ಕಪ್ಪಾಗಿ ಕಂಪ್ಯೂಟರ್ ತಾನಾಗಿಯೇ ಮತ್ತೆ ಶುರುವಾಗುತ್ತಿತ್ತು. ಮೂರು ವಾರ ಡ್ರೈವರ್ ಬದಲಿಸಿದೆ, ವಿಂಡೋಸ್ ಎರಡು ಸಲ ಹಾಕಿದೆ, ಕಾರ್ಡೇ ಕೆಟ್ಟಿದೆ ಅಂದುಕೊಂಡೆ. ಕೊನೆಗೆ ಗೆಳೆಯನೊಬ್ಬ ತನ್ನ ಎಸ್‌ಎಂಪಿಎಸ್ ಬಿಚ್ಚಿ ತಂದು ಜೋಡಿಸಿದ. ಆವತ್ತು ಸಂಜೆಯೆಲ್ಲ ಆಡಿದರೂ ಒಮ್ಮೆಯೂ ನಿಲ್ಲಲಿಲ್ಲ. ಹಳೆಯದನ್ನು ಹೊರಗೆ ತೆಗೆದು ಪಕ್ಕದ ಲೇಬಲ್ ಓದಿದಾಗ ಗೊತ್ತಾಯಿತು: ದಪ್ಪ ಅಕ್ಷರದಲ್ಲಿ 450 ವ್ಯಾಟ್ ಅಂತ ಇತ್ತು, ಕೆಳಗಿನ ಸಣ್ಣ ಕೋಷ್ಟಕದಲ್ಲಿ 12 ವೋಲ್ಟ್ ಅಂಕಣದಡಿ 20 ಆಂಪಿಯರ್ ಮಾತ್ರ. 12ನ್ನು 20ರಿಂದ ಗುಣಿಸಿದರೆ 240 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಶಕ್ತಿ ಎಳೆಯುವುದು ಹೆಚ್ಚುಕಡಿಮೆ ಪೂರ್ತಿ ಆ 12 ವೋಲ್ಟ್ ಸಾಲಿನಿಂದಲೇ. ಕಾರ್ಡು ಒಂದು ಗಳಿಗೆ ತನ್ನ ಮಿತಿಗಿಂತ ಮೇಲೆ ಜಿಗಿದರೆ ಸಾಕು, ಎಲ್ಲ ಕುಸಿಯುತ್ತದೆ.

ಹಾಗಾಗಿ ಕೊಳ್ಳುವ ಮುಂಚೆ ಆ ಕೋಷ್ಟಕ ಓದಿ. ಒಳ್ಳೆಯ 550 ವ್ಯಾಟಿನದರಲ್ಲಿ 12 ವೋಲ್ಟ್ ಕಡೆ 45 ಆಂಪಿಯರ್ ಆಸುಪಾಸು ಇರುತ್ತದೆ. 80 ಪ್ಲಸ್ ಅನ್ನುವ ಗುರುತು ಎಷ್ಟು ವಿದ್ಯುತ್ ವ್ಯರ್ಥವಾಗುವುದಿಲ್ಲ ಅನ್ನುವುದನ್ನಷ್ಟೇ ಹೇಳುತ್ತದೆ. ಒಳಗಿನ ರಕ್ಷಣೆಯ ವ್ಯವಸ್ಥೆ ಹೇಗಿದೆ ಅನ್ನುವುದನ್ನಲ್ಲ. ಐದು ವರ್ಷ ವಾರಂಟಿ ಕೊಡುವಂಥದ್ದನ್ನು ಹೊಸದಾಗಿಯೇ ತಗೊಳ್ಳಿ. ಮುಂದೆ ಕಾರ್ಡ್ ಬದಲಾದರೂ ಇದು ಉಳಿಯುತ್ತದೆ.

ಈ ದುಡ್ಡು ಎಲ್ಲಿಂದ ಬರಬೇಕು? ಕ್ಯಾಬಿನೆಟ್‌ನಿಂದ. ಮುಂದೆ ಜಾಲರಿ ಇದ್ದು ಎರಡು ಫ್ಯಾನ್ ಇದ್ದರೆ ಸಾಕು, ಗಾಜಿನ ಮುಖ ಗಾಳಿಯನ್ನೇ ತಡೆಯುತ್ತದೆ. ದೀಪ ಬೇಕೆಂಬ ಆಸೆ ನನಗೂ ಅರ್ಥವಾಗುತ್ತದೆ, ಮುಂದೆ ಯಾವಾಗ ಬೇಕಾದರೂ ಹಾಕಿಸಿಕೊಳ್ಳಬಹುದು. ಆಟಗಳು, ಫೈಲುಗಳು ಉಳಿಯುವ ಎಸ್‌ಎಸ್‌ಡಿಯೂ ಸದ್ಯಕ್ಕೆ 500 ಜಿಬಿಯ ಎನ್‌ವಿಎಂಇ (ವೇಗದ ಬಗೆ) ಇರಲಿ, ತುಂಬಿದಾಗ ಇನ್ನೊಂದು ಸೇರಿಸಿ. ಎಸ್‌ಎಸ್‌ಡಿ ದುಬಾರಿಯಾದಷ್ಟೂ ಫ್ರೇಮ್ ಏರುವುದಿಲ್ಲ. ಮದರ್‌ಬೋರ್ಡ್ ಬಿ450 ಆದರೆ 5600ಕ್ಕೆ ಬೇಕಾದ ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಹಾಕಿಯೇ ಕೊಡಿ ಅಂತ ಮೊದಲೇ ಕೇಳಿ. ಇಲ್ಲದಿದ್ದರೆ ಎಲ್ಲ ಜೋಡಿಸಿದ ಮೇಲೂ ಪರದೆ ಖಾಲಿಯೇ ಇರಬಹುದು.

ಜೋಡಿಸಿದ ದಿನ ಮೂರು ಕೆಲಸ ಮರೆಯಬೇಡಿ. ಬಯೋಸ್‌ನಲ್ಲಿ ಎಕ್ಸ್‌ಎಂಪಿ (ಮೆಮೊರಿಯನ್ನು ಅದರ ಡಬ್ಬದ ಮೇಲೆ ಬರೆದ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿ, ಇಲ್ಲದಿದ್ದರೆ 3200ರ ರ್‍ಯಾಮ್ 2133 ಅಥವಾ 2400ರಲ್ಲೇ ಓಡುತ್ತಿರುತ್ತದೆ. ಮಾನಿಟರ್ 144 ಹರ್ಟ್ಸಿನದಾದರೆ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವುದು) ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಹೋಗಿ ಅದನ್ನು ಆರಿಸಿ, ತಾನಾಗಿ 60ರಲ್ಲೇ ನಿಂತಿರಬಹುದು. ಮಾನಿಟರಿನ ಕೇಬಲ್ಲನ್ನು ಮೇಲೆ ಯುಎಸ್‌ಬಿ ಪಕ್ಕದಲ್ಲಿ ಕಾಣುವ ಕಿಂಡಿಗೆ ಚುಚ್ಚಬೇಡಿ, ಅದು ಮದರ್‌ಬೋರ್ಡಿನದು. ಕೆಳಗೆ ಅಡ್ಡಕ್ಕೆ ಸಾಲಾಗಿರುವ ಕಿಂಡಿಗಳು ಗ್ರಾಫಿಕ್ಸ್ ಕಾರ್ಡಿನವು. ಅಲ್ಲಿಗೆ ಹಾಕಿ.