ಅಜ್ಜಿಯ ಟ್ರಂಕಿನಲ್ಲಿ ಸಿಕ್ಕ ಫೋಟೊ, ಕಾಗದ, ಕ್ಯಾಸೆಟ್‌ಗಳನ್ನು ಮುಂದಿನವರಿಗಾಗಿ ಉಳಿಸುವುದು ಹೇಗೆ?

ಅಜ್ಜಿ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಹೆಸರು ಬರೆಯದ ಕಪ್ಪು-ಬಿಳುಪು ಫೋಟೊಗಳು, ಹಳೆಯ ಕಾಗದಗಳ ಕಟ್ಟು ಮತ್ತು ಒಂದೆರಡು ಕ್ಯಾಸೆಟ್‌ಗಳು ಸಿಕ್ಕಿವೆ, ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ. ನಮ್ಮ ದೊಡ್ಡಮ್ಮ ಹೋದ ಮೇಲೆ ನಮ್ಮ ಮನೆಯಲ್ಲಿಯೂ ಇದೇ ಕೆಲಸ ನಡೆದದ್ದರಿಂದ ಧೈರ್ಯವಾಗಿ ಹೇಳುತ್ತೇನೆ: ಸ್ಕ್ಯಾನರ್ ಹುಡುಕುವುದಕ್ಕೆ ಮೊದಲು ಹಿರಿಯರ ಬಳಿಗೆ ಹೋಗಿ. ಫೋಟೊ ಇನ್ನೂ ಒಂದು ವರ್ಷ ಟ್ರಂಕಿನಲ್ಲಿದ್ದರೆ ಹೆಚ್ಚೇನೂ ಕೆಡುವುದಿಲ್ಲ. ಆದರೆ ಅದರಲ್ಲಿ ನಿಂತವರು ಯಾರೆಂದು ಗುರುತಿಸಬಲ್ಲವರು ಇಡೀ ಬಳಗದಲ್ಲಿ ಒಬ್ಬರೋ ಇಬ್ಬರೋ ಉಳಿದಿರುತ್ತಾರೆ, ಅವರಿಗೂ ವಯಸ್ಸಾಗಿರುತ್ತದೆ.

ಅವರನ್ನು ಎದುರಿಗೆ ಕೂರಿಸಿಕೊಂಡು 'ಅಜ್ಜಿಯ ಬಗ್ಗೆ ಹೇಳಿ' ಎಂದರೆ 'ಏನು ಹೇಳೋದಪ್ಪ, ಬಂಗಾರದಂಥ ಮನುಷ್ಯಳು' ಎಂಬಲ್ಲಿಗೆ ಮಾತು ನಿಂತುಬಿಡುತ್ತದೆ. ಅದರ ಬದಲು ಒಂದೊಂದೇ ಫೋಟೊ ಅವರ ಕೈಗೆ ಕೊಟ್ಟು, ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿಮುದ್ರಣ ಹಾಕಿ, ನಡುವೆ ಬಾಯಿ ಹಾಕದೆ ಕುಳಿತುಕೊಳ್ಳಿ. ದೊಡ್ಡಮ್ಮನ ಮದುವೆಯ ಫೋಟೊವನ್ನು ಕಣ್ಣಿನ ಹತ್ತಿರ ಹಿಡಿದ ನಮ್ಮ ಚಿಕ್ಕಜ್ಜಿ, ವಧುವಿನ ಕೈಯಲ್ಲಿದ್ದ ಬಳೆಗಳು ತನ್ನವೆಂದೂ, ಮನೆಯ ಚಿನ್ನವನ್ನೆಲ್ಲ ಬಾವಿ ತೋಡಿಸಲು ಅಡವಿಟ್ಟಿದ್ದರಿಂದ ಆ ಒಂದು ದಿನಕ್ಕೆ ತಾನೇ ತೊಡಿಸಿದ್ದೆನೆಂದೂ ಹೇಳಿದರು. ಅಷ್ಟು ವರ್ಷ ಗೋಡೆಯ ಮೇಲೆ ನಾವು ದಿನವೂ ನೋಡುತ್ತಿದ್ದ ಫೋಟೊ ಅದು. ಪಿತೃಪಕ್ಷದಲ್ಲಿ ಎಡೆ ಇಡುವ ದಿನವೂ ಇದಕ್ಕೆ ಒಳ್ಳೆಯ ಸಂದರ್ಭ. ಹೋದವರಿಗೆ ಇಷ್ಟವೆಂದು ಒತ್ತುಶ್ಯಾವಿಗೆ, ಕಾಯಿಹಾಲು ಮಾಡುವ ಹೊತ್ತಿಗೆ ಅಡುಗೆಮನೆಯಲ್ಲಿ ಅವರ ಮಾತು ತಾನಾಗಿ ಬರುತ್ತದೆ, ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸುತ್ತಾರೆ.

ಕಾಗದಗಳಲ್ಲಿ ಇಸವಿ ಇಲ್ಲದಿದ್ದರೂ ಕಾಲವನ್ನು ಬಹುಮಟ್ಟಿಗೆ ಗುರುತಿಸಬಹುದು. ಹಿಂದಿನವರು ಕಾಗದದ ತಲೆಯಲ್ಲಿ ಸಂವತ್ಸರ, ಮಾಸ, ತಿಥಿ ಬರೆಯುತ್ತಿದ್ದರು. ಪರಾಭವ ಸಂವತ್ಸರದ ಕಾರ್ತಿಕ ಎಂದಿದ್ದರೆ 1966ನೇ ಇಸವಿ, ಏಕೆಂದರೆ ಅದೇ ಸಂವತ್ಸರ ಮರಳಿ ಬರಲು 60 ವರ್ಷ ಬೇಕು. ಅಂಚೆಚೀಟಿಯ ಬೆಲೆ ಆಣೆಯಲ್ಲಿದ್ದರೆ ಆ ಚೀಟಿ 1957ರ ಏಪ್ರಿಲ್‌ನಲ್ಲಿ ಹೊಸ ಪೈಸೆ ಬರುವುದಕ್ಕಿಂತ ಹಿಂದಿನದು. ವಿಳಾಸದಲ್ಲಿ ಆರು ಅಂಕಿಗಳ ಪಿನ್‌ಕೋಡ್ ಇದ್ದರೆ ಕಾಗದ 1972ರ ಆಗಸ್ಟ್ 15ರ ಈಚಿನದು. 'ಮೈಸೂರು ರಾಜ್ಯ' ಎಂದು ಬರೆದಿದ್ದರೆ, ಹಳೆಯ ರೂಢಿಯಿಂದ ಬರೆದದ್ದಲ್ಲವಾದರೆ, ಕರ್ನಾಟಕವೆಂದು ಹೆಸರು ಬದಲಾದ 1973ರ ನವೆಂಬರ್‌ಗಿಂತ ಮೊದಲಿನದು. ಅಂಚೆಯ ಮುದ್ರೆಯನ್ನೂ ಭೂತಗನ್ನಡಿ ಹಿಡಿದು ನೋಡಿ, ಊರು ಮತ್ತು ತಾರೀಖು ಎರಡೂ ಅದರಲ್ಲಿರುತ್ತವೆ.

ಫೋಟೊಗಳ ಹಿಂಬದಿಗೆ ಹೆಸರು ಬರೆಯುವಾಗ ಬಾಲ್‌ಪೆನ್ ಬೇಡ, ಮೃದುವಾದ ಪೆನ್ಸಿಲಿನಿಂದ ಅಂಚಿನಲ್ಲಿ ಹಗುರವಾಗಿ ಬರೆಯಿರಿ. ಹರಿದದ್ದಕ್ಕೆ ಸೆಲ್ಲೋಟೇಪ್ ಅಂಟಿಸುವುದು, ಲ್ಯಾಮಿನೇಷನ್ ಮಾಡಿಸುವುದು ಎರಡೂ ಬೇಡ. ಲ್ಯಾಮಿನೇಷನ್ ಆದ ಫೋಟೊವನ್ನು ಮತ್ತೆ ಬಿಡಿಸಲಾಗುವುದಿಲ್ಲ. ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೆ ಕೀಳಲು ಹೋಗದೆ ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಚಿಕ್ಕ ಫೋಟೊಗಳಿಗೆ 600 ಡಿಪಿಐ (ಪ್ರತಿ ಇಂಚಿಗೆ ಎಷ್ಟು ಚುಕ್ಕೆ ಎಂಬ ಸ್ಕ್ಯಾನಿನ ಅಳತೆ) ಸಾಕು.

ಹೆಚ್ಚು ಅವಸರದ ವಸ್ತು ಕ್ಯಾಸೆಟ್. ಟೇಪಿನ ಸುರುಳಿಯ ಮೇಲೆ ಬಿಳಿ ಪುಡಿಯಂತೆ ಕಂಡರೆ ಅದು ಬೂಷ್ಟು ಇರಬಹುದು. ಅದನ್ನು ಹಾಕಿ ಕೇಳಬೇಡಿ, ಅನುಭವಸ್ಥರಿಗೆ ಕೊಡಿ. ಟೇಪು ಚೆನ್ನಾಗಿದ್ದರೆ ಹಿಂಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ, ಆಗ ಅದರ ಮೇಲೆ ತಪ್ಪಿ ಬೇರೇನೂ ಮುದ್ರಣವಾಗುವುದಿಲ್ಲ. ಕಂಪ್ಯೂಟರಿಗೆ ಇಳಿಸುವಾಗ ಧ್ವನಿಯನ್ನು ಕುಗ್ಗಿಸದೆ ಇಡುವ ಡಬ್ಲ್ಯೂಎವಿ (WAV) ಕಡತವಾಗಿ ಉಳಿಸಿ, ಹಂಚಿಕೊಳ್ಳಲು ಬೇಕಾದರೆ ಎಂಪಿ3 ಪ್ರತಿ ಬೇರೆ ಮಾಡಿಕೊಳ್ಳಿ. ಹಾಡಿನ ನಡುವೆ ಕೆಮ್ಮಿದ್ದು, ಮಕ್ಕಳನ್ನು ಗದರಿದ್ದು, ಪಾತ್ರೆಯ ಸದ್ದು ಯಾವುದನ್ನೂ ಕತ್ತರಿಸಬೇಡಿ. ದೊಡ್ಡಮ್ಮ ಹಾಡಿದ ಆರತಿ ಹಾಡು ನಮಗೆ ಬೇರೆಯವರ ಬಾಯಲ್ಲಿಯೂ ಸಿಗುತ್ತದೆ, ಹಾಡು ನಿಲ್ಲಿಸಿ 'ಹಾಲು ಉಕ್ಕುತ್ತೆ ನೋಡೇ' ಎಂದು ಅವರು ಕೂಗಿದ್ದು ಆ ಟೇಪಿನಲ್ಲಿ ಮಾತ್ರ ಇದೆ.

ಎಲ್ಲವನ್ನೂ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಕೆಲಸ ಮುಗಿಯಿತೆಂದುಕೊಳ್ಳಬೇಡಿ, ಅಲ್ಲಿ ಫೋಟೊದ ಗುಣಮಟ್ಟ ಇಳಿಯುತ್ತದೆ. ಮೂಲ ಕಡತಗಳ ಒಂದು ಪ್ರತಿ ನಿಮ್ಮ ಹಾರ್ಡ್‌ಡಿಸ್ಕ್‌ನಲ್ಲಿ, ಒಂದು ಬೇರೆ ಊರಿನಲ್ಲಿರುವ ನೆಂಟರ ಮನೆಯಲ್ಲಿ, ಇನ್ನೊಂದು ಕ್ಲೌಡ್‌ನಲ್ಲಿ ಇರಲಿ. ಕಾಗದಗಳನ್ನು ಮಾತ್ರ ಹಂಚುವ ಮೊದಲು ಪೂರ್ತಿ ಓದಿ. ಸಾಲ, ಜಗಳ, ಯಾರದೋ ಮುರಿದ ಸಂಬಂಧ ಎಲ್ಲವೂ ಅವುಗಳಲ್ಲಿರಬಹುದು, ಅದರಿಂದ ನೋಯುವವರು ಇನ್ನೂ ಬದುಕಿರಬಹುದು. ಅಂಥವನ್ನು ಸುಡದೆ ಬೇರೆ ಲಕೋಟೆಯಲ್ಲಿ ಮುಚ್ಚಿಟ್ಟು, ಯಾವಾಗ ತೆರೆಯಬಹುದೆಂದು ಮೇಲೆ ಬರೆದಿಡಿ.