ದುಡಿದವರಿಗೆ ಸಂಬಳ, ಪಾಲಿದ್ದವರಿಗೆ ಲಾಭ

ಮನೆಯವರೇ ಸೇರಿ ನಡೆಸುವ ಕಂಪನಿಗಳಲ್ಲಿ ಲೆಕ್ಕ ನೋಡುವುದು, ಜಗಳ ಬಿಡಿಸುವುದು ನನ್ನ ಕೆಲಸ. ಬರುವ ಪತ್ರಗಳಲ್ಲಿ ವ್ಯಾಪಾರ ಬೇರೆ ಬೇರೆ, ಪ್ರಶ್ನೆ ಮಾತ್ರ ಅದೇ. ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಬರುತ್ತದೆ. ಅದಕ್ಕೇ ಈ ಸಲ ಆ ಒಂದು ಪ್ರಶ್ನೆಗೇ ಜಾಸ್ತಿ ಜಾಗ ಕೊಡುತ್ತೇನೆ. ಷೇರು ಎಂದರೇನು, ಪಾಲುದಾರಿಕೆ ಪತ್ರ ಎಂದರೇನು ಅಂತ ಇಲ್ಲಿ ವಿವರಿಸುವುದಿಲ್ಲ. ಅದನ್ನು ನಿಮ್ಮ ಆಡಿಟರ್ ಹತ್ತು ನಿಮಿಷದಲ್ಲಿ ಹೇಳಿಕೊಡುತ್ತಾರೆ.

ಅಪ್ಪ ಕಟ್ಟಿದ ಕಂಪನಿ. ಅಕ್ಕ, ನಾನು, ತಮ್ಮ ಮೂವರಿಗೂ ಸಮಪಾಲು. ನಾನು ಬೆಳಗ್ಗೆಯಿಂದ ರಾತ್ರಿವರೆಗೆ ದುಡಿಯುತ್ತೇನೆ. ತಮ್ಮ ವಾರಕ್ಕೆ ಎರಡು ದಿನ ಬಂದು ಹೋಗುತ್ತಾನೆ. ಅಕ್ಕ ಬರುವುದೇ ಇಲ್ಲ. ವರ್ಷದ ಕೊನೆಗೆ ಲಾಭ ಮಾತ್ರ ಮೂವರಿಗೂ ಒಂದೇ. ಇದು ನ್ಯಾಯವೇ?

ನಿಮ್ಮ ಪತ್ರದಲ್ಲಿ ಒಂದು ಮಾತು ಎಲ್ಲೂ ಇಲ್ಲ. ನಿಮ್ಮ ಸಂಬಳ ಎಷ್ಟು? ಬರೆದಿಲ್ಲ ಎಂದರೆ ತೆಗೆದುಕೊಳ್ಳುತ್ತಿಲ್ಲ ಎಂದೇ ಅರ್ಥ. ಇಂಥ ಪತ್ರ ಬರೆಯುವವರಲ್ಲಿ ಹೆಚ್ಚಿನವರು ತೆಗೆದುಕೊಳ್ಳುವುದಿಲ್ಲ. "ನಮ್ಮದೇ ಕಂಪನಿಯಲ್ಲಿ ನಮಗೆ ಎಂಥ ಸಂಬಳ" ಎನ್ನುತ್ತಾರೆ. ಕೇಳುವುದಕ್ಕೆ ಚೆನ್ನಾಗಿದೆ. ಜಗಳ ಹುಟ್ಟುವುದೂ ಅಲ್ಲೇ.

ಪಾಲು ಸಮ ಇರುವುದರಲ್ಲಿ ತಪ್ಪಿಲ್ಲ. ಅದು ಅಪ್ಪ ಕೊಟ್ಟದ್ದು, ನಿಮ್ಮ ದುಡಿಮೆಗೂ ಅದಕ್ಕೂ ಸಂಬಂಧವಿಲ್ಲ. ಕೆಲಸಕ್ಕೆ ಸಿಗಬೇಕಾದ ದುಡ್ಡು ಬೇರೆ, ಒಡೆತನಕ್ಕೆ ಸಿಗಬೇಕಾದ ದುಡ್ಡು ಬೇರೆ. ನೀವು ಎರಡನ್ನೂ ಒಂದೇ ಚೀಲಕ್ಕೆ ಸುರಿದು, ಕೊನೆಗೆ ಮೂರು ಪಾಲು ಮಾಡುತ್ತಿದ್ದೀರಿ.

ಲೆಕ್ಕ ಮಾಡಿ ನೋಡೋಣ. ವರ್ಷಕ್ಕೆ 90 ಉಳಿಯಿತು ಎಂದಿಟ್ಟುಕೊಳ್ಳಿ. ಈಗ ಮೂವರಿಗೂ 30. ನಿಮ್ಮ ಕೆಲಸಕ್ಕೆ ಹೊರಗಿನವರನ್ನು ಇಟ್ಟುಕೊಂಡರೆ 24 ಕೊಡಬೇಕಾಗಿತ್ತು, ತಮ್ಮನ ಎರಡು ದಿನದ ಕೆಲಸಕ್ಕೆ 6. ಒಟ್ಟು 30 ಸಂಬಳ. ಅದನ್ನು ಮೊದಲು ಖರ್ಚಿಗೆ ಹಾಕಿ. ಉಳಿದ 60 ನಿಜವಾದ ಲಾಭ, ತಲೆಗೆ 20. ನಿಮಗೆ 44, ತಮ್ಮನಿಗೆ 26, ಅಕ್ಕನಿಗೆ 20. ಯಾರ ಪಾಲನ್ನೂ ಯಾರೂ ಮುಟ್ಟಲಿಲ್ಲ. ಇಷ್ಟು ವರ್ಷ ಅಕ್ಕನಿಗೆ ಪ್ರತಿ ವರ್ಷ ಹೋಗುತ್ತಿದ್ದ ಹೆಚ್ಚಿನ 10 ನಿಮ್ಮ ಬೆವರಿನದು. ಇದು ಪಾಪ ಅಕ್ಕನಿಗೆ ಗೊತ್ತೇ ಇಲ್ಲ. ಯಾರೂ ಹೇಳಿಲ್ಲ.

ಇನ್ನೊಂದು ವಿಷಯ ಗಮನಿಸಿ. ಸಂಬಳ ಬರೆಯದೇ ಇದ್ದಾಗ ನಿಮ್ಮ ಕಂಪನಿ 90 ಗಳಿಸುತ್ತಿದೆ ಎಂದು ಎಲ್ಲರೂ ನಂಬಿದ್ದರು. ಅದು ಗಳಿಸುತ್ತಿದ್ದುದು 60. ನೀವು ಕಾಯಿಲೆ ಬಿದ್ದು ಮಲಗಿ, ನಿಮ್ಮ ಕೆಲಸಕ್ಕೆ ಹೊರಗಿನವರನ್ನು ಇಟ್ಟ ದಿನ ಇದು ಗೊತ್ತಾಗುತ್ತದೆ. ಆಗ ತಮ್ಮ "ಅಣ್ಣ ದುಡ್ಡು ಎಲ್ಲಿ ಬಚ್ಚಿಟ್ಟ?" ಎಂದು ಕೇಳುತ್ತಾನೆ. ನಾನು ನೋಡಿದ ಕೆಟ್ಟ ಜಗಳಗಳಲ್ಲಿ ಹಲವು ಹೀಗೇ ಶುರುವಾದವು.

1978ರಲ್ಲಿ ಹಾರ್ವರ್ಡ್‌ನಲ್ಲಿ ರೆನಾಟೊ ತಜೂರಿ ಮತ್ತು ಜಾನ್ ಡೇವಿಸ್ ಒಂದು ಚಿತ್ರ ಬರೆದರು. ಒಂದರ ಮೇಲೊಂದು ಹಾಯುವ ಮೂರು ವೃತ್ತ. ಕುಟುಂಬ, ಒಡೆತನ, ಕೆಲಸ. ಇಂದಿಗೂ ಈ ವಿಷಯದಲ್ಲಿ ಇದಕ್ಕಿಂತ ಉಪಯೋಗದ ಚಿತ್ರ ನನಗೆ ಸಿಕ್ಕಿಲ್ಲ. ಒಂದು ಹಾಳೆ ತೆಗೆದುಕೊಂಡು ನೀವೂ ಬರೆಯಿರಿ, ಒಬ್ಬೊಬ್ಬರನ್ನೂ ಅವರವರ ಜಾಗದಲ್ಲಿ ಕೂರಿಸಿ. ನೀವು ಮೂರರಲ್ಲೂ ಇದ್ದೀರಿ. ಅಕ್ಕ ಎರಡರಲ್ಲಿ ಮಾತ್ರ. ನಿಮ್ಮ ಹೆಂಡತಿ ಒಂದರಲ್ಲಿ. ನಿಮ್ಮ ಹಳೇ ಮ್ಯಾನೇಜರ್ ಇನ್ನೊಂದರಲ್ಲಿ. ಕೂತಲ್ಲಿಂದ ಕಾಣುವುದು ಬೇರೆ ಬೇರೆ. ನಿಮಗೆ ಹೊಸ ಯಂತ್ರ ಬೇಕು. ಅಕ್ಕನಿಗೆ ಈ ವರ್ಷದ ದುಡ್ಡು ಬೇಕು. ಯಾಕೆಂದರೆ ಕಂಪನಿಯಿಂದ ಅವರಿಗೆ ಸಿಗುವುದು ಅದೊಂದೇ. ಇದಕ್ಕೆ ನೀವು ದುರಾಸೆ ಎಂದು ಹೆಸರಿಡುತ್ತೀರಿ. ಅವರು ನಿಮ್ಮನ್ನು "ಎಲ್ಲ ಒಳಗೇ ಹಾಕಿಕೊಳ್ಳುತ್ತಾನೆ" ಎನ್ನುತ್ತಾರೆ. ಇಬ್ಬರೂ ಕೂತಿರುವ ಜಾಗದಿಂದ ಸರಿಯಾಗೇ ನೋಡುತ್ತಿದ್ದೀರಿ.

ಇದಕ್ಕೆ ಮದ್ದು ಇದೆ. ವರ್ಷ ಶುರುವಾಗುವ ಮೊದಲೇ ಬರೆದಿಡಿ: ಲಾಭದಲ್ಲಿ ಇಷ್ಟು ಭಾಗ ಹಂಚುತ್ತೇವೆ, ಇಷ್ಟು ಭಾಗ ಕಂಪನಿಯಲ್ಲೇ ಬಿಡುತ್ತೇವೆ. ಲಾಭ ಕೈಗೆ ಬಂದ ಮೇಲೆ ಈ ಮಾತು ತೆಗೆದರೆ ಅದು ಚರ್ಚೆ ಆಗಿ ಉಳಿಯುವುದಿಲ್ಲ.

ನಿಮ್ಮ ಸಂಬಳ ಎಷ್ಟು ಎಂದು ನೀವೇ ನಿಗದಿ ಮಾಡಬೇಡಿ. ನಾನು ಆರು ತಿಂಗಳು ಬರಲಾಗದಿದ್ದರೆ ಈ ಕೆಲಸಕ್ಕೆ ಯಾರನ್ನು ಇಡುತ್ತೀವಿ, ಅವರಿಗೆ ಎಷ್ಟು ಕೊಡುತ್ತೀವಿ, ಎಂದು ಅಕ್ಕನನ್ನೂ ತಮ್ಮನನ್ನೂ ಕೂರಿಸಿ ಕೇಳಿ. ಬರುವ ಉತ್ತರ ನಿಮ್ಮ ಮನಸ್ಸಿನಲ್ಲಿರುವುದಕ್ಕಿಂತ ಕಡಿಮೆ ಇರಬಹುದು. ಒಪ್ಪಿಕೊಳ್ಳಿ. ಎಲ್ಲರೂ ಒಪ್ಪಿದ ಸ್ವಲ್ಪ ಕಡಿಮೆ ಸಂಬಳ, ಯಾರೂ ಒಪ್ಪದ ದೊಡ್ಡ ಸಂಬಳಕ್ಕಿಂತ ಹೆಚ್ಚು ದಿನ ನಡೆಯುತ್ತದೆ.

ಆ ಮಾತು ತೆಗೆಯುವ ಮುಂಚೆ ಒಂದು ಕೆಲಸ ಮಾಡಿ. ಒಂದು ತಿಂಗಳು, ಯಾರು ಏನು ಮಾಡಿದರು ಎಂದು ಬರೆದಿಡಿ. "ತಮ್ಮ ಎರಡೇ ದಿನ ಬರುತ್ತಾನೆ" ಎನ್ನುವವರು ಈ ಪಟ್ಟಿ ಬರೆದ ಮೇಲೆ ದನಿ ತಗ್ಗಿಸಿದ್ದನ್ನು ನೋಡಿದ್ದೇನೆ. ಆ ಎರಡು ದಿನದಲ್ಲಿ ಅವನು ಬ್ಯಾಂಕಿನವರ ಜೊತೆ ಕೂತಿರುತ್ತಾನೆ, ಬಾಕಿ ವಸೂಲಿ ಮಾಡಿರುತ್ತಾನೆ. ಅದು ನಿಮ್ಮ ಕಣ್ಣಿಗೆ ಬಿದ್ದಿರುವುದಿಲ್ಲ. ಪಟ್ಟಿ ಬರೆದ ಮೇಲೂ ಅವನದು ಎರಡೇ ದಿನದ ಕೆಲಸ ಎಂದಾದರೆ, ಆಗ ನಿಮ್ಮ ಮಾತಿಗೆ ತೂಕ ಬರುತ್ತದೆ.

ನಿಮ್ಮ ಕಂಪನಿಯ "ಇತರೆ ಖರ್ಚು" ಪುಟವನ್ನೂ ತೆರೆಯಿರಿ. ಎಲ್ಲ ಕಡೆ ನಾನು ಮೊದಲು ನೋಡುವ ಪುಟ ಇದು. ಮಗನ ಶಾಲೆ ಫೀಸು. ಕಾರಿನ ಟೈರು. ಅತ್ತೆ ಮಾವನ ಪ್ರವಾಸದ ಟಿಕೆಟ್. ಮನೆಗೆ ಬಳಿಸಿದ ಬಣ್ಣ. ಪಕ್ಕದಲ್ಲಿ ಅಕೌಂಟೆಂಟ್ ಪೆನ್ಸಿಲ್‌ನಲ್ಲಿ ಹಾಕಿದ ಪ್ರಶ್ನೆ ಚಿಹ್ನೆ. ಸಂಬಳ ತೆಗೆದುಕೊಳ್ಳದ ತ್ಯಾಗ ಈ ಪುಟದಲ್ಲಿ ತೂತಾಗಿರುತ್ತದೆ. ನೀವು ಹೀಗೆ ತೆಗೆದುಕೊಂಡಿದ್ದರೆ, ಅದನ್ನು ಮೊದಲು ನೀವೇ ಮೇಜಿನ ಮೇಲಿಡಿ. ಅಕ್ಕ ಹುಡುಕಿ ತೆಗೆದರೆ ನಿಮ್ಮ ಉಳಿದ ಮಾತು ಯಾವುದೂ ನಿಲ್ಲುವುದಿಲ್ಲ. ಇನ್ನು ಮೇಲೆ ಮನೆ ಖರ್ಚು ಸಂಬಳದಿಂದ. ಕಂಪನಿ ದುಡ್ಡು ಯಾರಿಗಾದರೂ ಬೇಕೇ ಬೇಕಾದರೆ ಸಾಲ ಎಂದು ಬರೆದು, ಮೂವರೂ ಸಹಿ ಹಾಕಿ.

ಅಕ್ಕ ಲೆಕ್ಕ ಕೇಳಿದರೆ "ನಿನಗ್ಯಾಕೆ, ನೀನು ಬರುವುದೇ ಇಲ್ಲವಲ್ಲ" ಎನ್ನಬೇಡಿ. ಅವರು ಒಡೆಯರು. ನೋಡುವುದು ಅವರ ಹಕ್ಕು. ಮೂರು ತಿಂಗಳಿಗೊಮ್ಮೆ ಅವರು ಕೇಳುವ ಮೊದಲೇ ಕಳಿಸಿ. ಒಳಗೆ ಕೆಲಸ ಮಾಡುವವರು ಬಾಯಿ ಮುಚ್ಚಿಕೊಂಡಿದ್ದಷ್ಟೂ ಹೊರಗಿರುವವರಿಗೆ ಅನುಮಾನ ಬೆಳೆಯುತ್ತದೆ.

ಹಳೇ ಬಾಕಿ ಕೇಳಬೇಡಿ. "ಹದಿನೈದು ವರ್ಷದ ಸಂಬಳ ಕೊಡಿ" ಎಂದು ಶುರು ಮಾಡಿದರೆ ಮಾತು ಅಲ್ಲೇ ಮುಗಿಯಿತು. ನಿಮಗೆ ಅನ್ಯಾಯ ಆಗಿದೆ, ನಿಜ. ಆದರೆ ಒಪ್ಪಿ ನಡೆದವರಲ್ಲಿ ನೀವೂ ಒಬ್ಬರು. ಮುಂದಿನ ತಿಂಗಳಿನಿಂದ ಸರಿಮಾಡಿ. ಈ ವಿಷಯದಲ್ಲಿ ನನ್ನ ಸಲಹೆ ತೀರಾ ಹಿಂಜರಿಕೆಯದು ಎಂದು ಕೆಲವು ವಕೀಲರು ಹೇಳುತ್ತಾರೆ. ಹೇಳಲಿ. ಒಡಹುಟ್ಟಿದವರು ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಕಂಪನಿ ಉಳಿದದ್ದನ್ನು ನಾನು ಕಂಡಿದ್ದು ತೀರಾ ಕಮ್ಮಿ.

ಕೊನೆಯದಾಗಿ, ಹೊರಗೆ ಹೋಗುವ ದಾರಿ. ಒಬ್ಬರಿಗೆ ಸಾಕು ಎನಿಸಿದರೆ ಅವರ ಪಾಲನ್ನು ಯಾರು ಕೊಳ್ಳಬೇಕು, ಬೆಲೆ ಯಾರು ಕಟ್ಟಬೇಕು, ದುಡ್ಡು ಎಷ್ಟು ವರ್ಷದಲ್ಲಿ ಕೊಡಬೇಕು? ಇದನ್ನು ನಗುನಗುತ್ತಾ ಇರುವಾಗಲೇ ಬರೆದಿಡಿ. ಹೊರಗಿನ ಮೌಲ್ಯಮಾಪಕರು ಬೆಲೆ ಕಟ್ಟುವುದು, ಕಂತಿನಲ್ಲಿ ಕೊಡುವುದು, ಇಷ್ಟಿದ್ದರೂ ಸಾಕು. "ಒಬ್ಬ ಬೆಲೆ ಹೇಳಲಿ, ಆ ಬೆಲೆಗೆ ಕೊಳ್ಳುವುದೋ ಮಾರುವುದೋ ಇನ್ನೊಬ್ಬ ಆರಿಸಲಿ" ಎಂಬ ಕರಾರನ್ನು ಕೆಲವರು ತುಂಬಾ ಹೊಗಳುತ್ತಾರೆ. ಇಬ್ಬರ ಜೇಬೂ ಒಂದೇ ತೂಕ ಇದ್ದರೆ ಅದು ಚೆನ್ನಾಗಿ ನಡೆಯುತ್ತದೆ. ಒಬ್ಬರ ಬಳಿ ದುಡ್ಡಿಲ್ಲ ಎಂದಾದರೆ, ದುಡ್ಡಿರುವವನು ಕಡಿಮೆ ಬೆಲೆ ಹೇಳಿ ಕಂಪನಿಯನ್ನೇ ಎತ್ತಿಕೊಂಡು ಹೋಗುತ್ತಾನೆ. ನಿಮ್ಮಂಥ ಮನೆಗೆ ಅದು ಬೇಡ.

ಅಪ್ಪನಿಗೆ 74. ಚೆಕ್ ಸಹಿ ಇನ್ನೂ ಅವರದೇ. ಅಧಿಕಾರ ಬಿಡಿಸುವುದು ಹೇಗೆ?

"ಬಿಡಿಸುವುದು" ಎಂಬ ಮಾತನ್ನು ಮೊದಲು ಬಿಡಿ. ಅವರಿಗೆ ಎರಡು ಭಯ ಇರುತ್ತದೆ. ನಾಳೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗಲಿ? ಕೈಖರ್ಚಿಗೆ ಮಕ್ಕಳ ಮುಂದೆ ನಿಲ್ಲಬೇಕೇ? ಎರಡನೆಯದಕ್ಕೆ ಕಂಪನಿಯ ಹೊರಗೆ ಅವರ ಹೆಸರಲ್ಲಿ ದುಡ್ಡು ಇಡಿ, ತಿಂಗಳಿಗೆ ಬರುವಂತೆ. ಮೊದಲನೆಯದಕ್ಕೆ ಅವರೇ ಆರಿಸಿದ ಒಂದು ಕೆಲಸ ಅವರ ಬಳಿಯೇ ಇರಲಿ. ಸಹಿಯನ್ನು ಒಂದೇ ಸಲ ಕೇಳಬೇಡಿ. ಮೊದಲು ಸಣ್ಣ ಮೊತ್ತಕ್ಕೆ ನಿಮ್ಮದು, ಆಮೇಲೆ ದೊಡ್ಡದಕ್ಕೆ ಇಬ್ಬರದೂ, ಆಮೇಲೆ ಪೂರ್ತಿ. ಪ್ರತಿ ಹಂತಕ್ಕೂ ತಾರೀಕು ಹಾಕಿ.

ಉಯಿಲು ಮಾತ್ರ ತಡ ಮಾಡಬೇಡಿ. ಧೀರೂಭಾಯಿ ಅಂಬಾನಿ 2002ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ಮಕ್ಕಳಿಬ್ಬರ ಜಗಳ ಬೀದಿಗೆ ಬಂತು. 2005ರಲ್ಲಿ ತಾಯಿ ಕೋಕಿಲಾಬೆನ್ ಮಧ್ಯೆ ನಿಂತು ಪಾಲು ಮಾಡಿಸಬೇಕಾಯಿತು. ಅಷ್ಟು ವಕೀಲರನ್ನು ಇಟ್ಟುಕೊಳ್ಳಬಲ್ಲ ಮನೆಯಲ್ಲೇ ಹೀಗಾಯಿತು.

ಅಣ್ಣ ತಮ್ಮ ಇಬ್ಬರೇ. ಅರ್ಧ ಅರ್ಧ ಹಂಚಿಕೊಂಡಿದ್ದೇವೆ. ಇದಕ್ಕಿಂತ ನ್ಯಾಯ ಬೇಕಾ?

ನ್ಯಾಯ ಸರಿ. ಒಮ್ಮತ ಬಾರದ ದಿನ ಏನು ಮಾಡುತ್ತೀರಿ? ಇಟಲಿಯ ಫ್ಯಾಷನ್ ಕಂಪನಿ ಗುಚ್ಚಿಯ ಮನೆತನದಲ್ಲಿ ಅರ್ಧ ಪಾಲು ಆಲ್ಡೊ ಮತ್ತು ಅವರ ಮಕ್ಕಳದು. ಉಳಿದರ್ಧ ಆಲ್ಡೊ ತಮ್ಮನದು, 1983ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಮಗ ಮೌರಿಜಿಯೊ ಪಾಲಿಗೆ ಬಂತು. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಕೇಸು ಹಾಕಿಕೊಂಡು ಹೊಡೆದಾಡಿದರು. 1993ಕ್ಕೆ ಮೌರಿಜಿಯೊ ತಮ್ಮ ಪಾಲನ್ನೂ ಹೂಡಿಕೆ ಸಂಸ್ಥೆಗೆ ಮಾರಿದರು. ಕಂಪನಿಗೆ ಹೆಸರು ಉಳಿಯಿತು, ಮನೆಯವರು ಯಾರೂ ಉಳಿಯಲಿಲ್ಲ. ನಿಮ್ಮಿಬ್ಬರಿಗೂ ನಂಬಿಕೆ ಇರುವ, ಸಂಬಂಧಿಕರಲ್ಲದ ಮೂರನೆಯವರ ಮತ ಯಾವಾಗ ಕೊನೆಯದು ಎಂದು ಈಗಲೇ ಬರೆದಿಡಿ.

ಸೊಸೆ ಬಂದ ಮೇಲೆ ಅಣ್ಣತಮ್ಮಂದಿರ ನಡುವೆ ಬಿರುಕು ಬಿಟ್ಟಿತು. ಏನು ಮಾಡೋಣ?

ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹೊಸದಾಗಿ ಬಂದವರು "ಇವರಿಗೆ ಸಂಬಳ ಎಷ್ಟು? ಪಾಲು ಯಾವ ಪತ್ರದಲ್ಲಿದೆ?" ಎಂದು ಕೇಳಿರುತ್ತಾರೆ. ನೀವು ಯಾರೂ ಕೇಳದ ಪ್ರಶ್ನೆ ಅದು. ಬಿರುಕು ಮೊದಲೇ ಇತ್ತು. ಸೊಸೆಯ ಪ್ರಶ್ನೆಗೆ ಉತ್ತರ ಕೊಡಿ.

ಕಂಪನಿ ಹೆಸರಿಗೆ ಒಂದಕ್ಷರ ಸೇರಿಸಿದರೆ ಜಗಳ ನಿಲ್ಲುತ್ತದೆ ಎಂದು ಸಂಖ್ಯಾಶಾಸ್ತ್ರದವರು ಹೇಳಿದ್ದಾರೆ.

ನಿಲ್ಲುವುದಿಲ್ಲ. ದುಡ್ಡು ಕೊಡಬೇಡಿ.

ಎರಡು ದಿನದ ಶಿಬಿರದಲ್ಲಿ "ಕುಟುಂಬ ಸಂವಿಧಾನ" ಬರೆದುಕೊಡುತ್ತಾರಂತೆ. ಸೇರಬಹುದೇ?

ಬೇಡ. ಇಂಥ ದಪ್ಪ ಪುಸ್ತಕಗಳನ್ನು ನೋಡಿದ್ದೇನೆ. ಮೊದಲ ಪುಟದಲ್ಲಿ ಪ್ರೀತಿ, ವಿಶ್ವಾಸ, ಪರಂಪರೆ. ಸಂಬಳದ ಪುಟ ಇರುವುದೇ ಇಲ್ಲ. ಒಂದು ಮನೆಗೆ ಬರೆದದ್ದನ್ನು ಹೆಸರು ಬದಲಿಸಿ ಇನ್ನೊಂದು ಮನೆಗೆ ಮಾರುತ್ತಾರೆ. ಎಲ್ಲರೂ ತಬ್ಬಿಕೊಂಡು ಅತ್ತು ಬಂದ ಮರುವಾರವೇ ಅದೇ ಜಗಳ. ನೀವೇ ಕೂತು ಬರೆದ ನಾಲ್ಕು ಪುಟ ಸಾಕು: ಸಂಬಳ, ಹಂಚಿಕೆ, ಯಾರು ಕೆಲಸಕ್ಕೆ ಸೇರಬಹುದು, ಹೊರಗೆ ಹೋಗುವುದು ಹೇಗೆ. ಅದನ್ನು ವಕೀಲರಿಗೆ ತೋರಿಸಿ ಕರಾರು ಮಾಡಿಕೊಳ್ಳಿ.

ಮೂರನೇ ತಲೆಮಾರಿಗೆ ಎಲ್ಲ ಮುಳುಗುತ್ತದೆ ಎನ್ನುತ್ತಾರೆ. ನಿಜವೇ?

ಈ ಮಾತಿಗೆ ಪುರಾವೆ ಎಂದು ಹೆಚ್ಚಾಗಿ ತೋರಿಸುವುದು 1980ರ ದಶಕದ ಒಂದು ಅಧ್ಯಯನ. ಅಮೆರಿಕದ ಇಲಿನಾಯ್ಸ್ ರಾಜ್ಯದ ತಯಾರಿಕಾ ಕಂಪನಿಗಳನ್ನು ಮಾತ್ರ ನೋಡಿ ಜಾನ್ ವಾರ್ಡ್ ಮಾಡಿದ್ದು. ಒಳ್ಳೆ ಬೆಲೆಗೆ ಮಾರಿದವರೂ ಅದರಲ್ಲಿ ಉಳಿಯದವರ ಲೆಕ್ಕಕ್ಕೇ ಸೇರಿದ್ದಾರೆ. ಅದನ್ನು ಜಗತ್ತಿಗೆಲ್ಲ ಅಂಟಿಸಿ ಹೆದರಿಸುವವರು ಸಾಮಾನ್ಯವಾಗಿ ನಿಮಗೆ ಏನೋ ಮಾರಲು ಬಂದಿರುತ್ತಾರೆ.

ಮಗಳು ಓದು ಮುಗಿಸಿದಳು. ನೇರ ನಮ್ಮಲ್ಲೇ ಸೇರಿಸಲೇ?

ಮೊದಲು ಎರಡು ಮೂರು ವರ್ಷ, ಅವಳನ್ನು ಬೈಯಲು ಹಿಂಜರಿಯದ ಬಾಸ್ ಇರುವ ಬೇರೆ ಕಡೆ ದುಡಿಯಲಿ.

ಬೇರೆ ಆಗೋಣ ಅಂದರೆ ಜನ ಏನಂತಾರೆ?

ಜರ್ಮನಿಯ ಕಾರ್ಲ್ ಮತ್ತು ಥಿಯೊ ಆಲ್ಬ್ರೆಕ್ಟ್ ಅಮ್ಮನ ದಿನಸಿ ಅಂಗಡಿಯನ್ನು ಬೆಳೆಸಿದ ಅಣ್ಣತಮ್ಮ. ಸಿಗರೇಟು ಮಾರಬೇಕೋ ಬೇಡವೋ ಎಂಬಲ್ಲಿ 1960ರ ಸುಮಾರಿಗೆ ಅಭಿಪ್ರಾಯ ಬೇರೆಯಾಯಿತು. ದೇಶದ ಉತ್ತರ ಒಬ್ಬರಿಗೆ, ದಕ್ಷಿಣ ಇನ್ನೊಬ್ಬರಿಗೆ ಎಂದು ಗಡಿ ಹಾಕಿಕೊಂಡರು. ಆಲ್ಡಿ ಎಂಬ ಹೆಸರನ್ನು ಇಬ್ಬರೂ ಇಟ್ಟುಕೊಂಡರು. ಎರಡೂ ಕಂಪನಿ ಹಲವು ದೇಶಗಳಿಗೆ ಬೆಳೆದವು. ಬೇಗ, ಗಡಿ ಸ್ಪಷ್ಟವಾಗಿ ಬರೆದು ಬೇರೆಯಾಗಿ. ಮುಖ ನೋಡದ ಸ್ಥಿತಿಗೆ ಬರುವವರೆಗೆ ಕಾಯಬೇಡಿ.

ನೀವೇ ಬಂದು ನನ್ನ ತಮ್ಮನಿಗೆ ಬುದ್ಧಿ ಹೇಳುತ್ತೀರಾ?

ಇಲ್ಲ. ಪಾಲಿರುವ ಎಲ್ಲರೂ ಸಹಿ ಹಾಕಿ ಕರೆದರೆ ಮಾತ್ರ ಬರುತ್ತೇನೆ. ಬರುವ ಮೊದಲು ಮೂರು ವರ್ಷದ ಲೆಕ್ಕ ಎಲ್ಲರ ಕೈಗೂ ತಲುಪಿರಬೇಕು, "ಇತರೆ ಖರ್ಚು" ಪುಟವೂ ಸೇರಿ.